ಕೀಳುವ ಮುಂಚೆ ಒಂದು ದಂಟು ಕುಯ್ದು ನೋಡಿ

ಪ್ರಶ್ನೆ: ನಮ್ಮ ಹೊಂಡದ ದಡದಲ್ಲಿ ಮೊಣಕಾಲೆತ್ತರದ ಹುಲ್ಲಿನಂಥ ಗಿಡ ಬುಡ ಕಟ್ಟಿಕೊಂಡು ಬೆಳೆದಿದೆ. ನಾವು ನೆಟ್ಟಿದ್ದಲ್ಲ. ಒಣಗಿತು ಅಂದುಕೊಂಡರೆ ಮರುವರ್ಷ ಮತ್ತೆ ಚಿಗುರುತ್ತದೆ. ಅದು ಜೇಕು, ಈಗಲೇ ಕಿತ್ತುಹಾಕಿ, ಇಲ್ಲದಿದ್ದರೆ ತೋಟವನ್ನೇ ನುಂಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ದಯವಿಟ್ಟು ಈಗಲೇ ಕೀಳಬೇಡಿ. ಮೊದಲು ಒಂದು ದಂಟನ್ನು ಬ್ಲೇಡಿನಿಂದ ಅಡ್ಡ ಕುಯ್ಯಿರಿ. ಮೂರು ಮೂಲೆ ಕಂಡರೆ ಅದು ಜೇಕಿನ ಜಾತಿಯೇ. ಬ್ಲೇಡ್ ಇಲ್ಲದಿದ್ದರೆ ಬೆರಳುಗಳ ನಡುವೆ ಹೊರಳಿಸಿ, ಅಂಚು ತಾಗುತ್ತದೆ. ಹುಲ್ಲಿನ ದಂಟು ಸಾಮಾನ್ಯವಾಗಿ ದುಂಡಗೆ, ಒಳಗೆ ಪೊಳ್ಳು, ಅಲ್ಲಲ್ಲಿ ಗೆಣ್ಣು. ಎಲೆಯನ್ನೂ ನೋಡಿ. ಹುಲ್ಲಿನಲ್ಲಿ ಎಲೆ ಎರಡು ಸಾಲಾಗಿ ಬರುತ್ತದೆ, ಜೇಕಿನಲ್ಲಿ ಮೂರು ಕಡೆಗೆ. ದುಂಡು ದಂಟಿನ ಜೇಕುಗಳೂ ಇವೆ, ಹಾಗಾಗಿ ಒಂದೇ ಗುರುತು ನೋಡಿ ತೀರ್ಮಾನ ಮಾಡಬೇಡಿ.

ನಿಮ್ಮನ್ನು ಹೆದರಿಸಿದವರ ಮನಸ್ಸಿನಲ್ಲಿರುವುದು ಬಹುಶಃ ಕೊನ್ನಾರಿ ಗಡ್ಡೆ. ಅದೂ ಇದೇ ಕುಟುಂಬದ್ದು, ಹೊಲದಲ್ಲಿ ನಿಜಕ್ಕೂ ಕಾಟ ಕೊಡುತ್ತದೆ. ಒಂದು ಗಿಡವನ್ನು ಮಣ್ಣಿನ ಸಮೇತ ಅಗೆದು ನೋಡಿ. ದಾರದಂಥ ಬೇರಿನಲ್ಲಿ ಕಪ್ಪು ಗಡ್ಡೆಗಳು ಪೋಣಿಸಿದಂತಿದ್ದು, ಒಡೆದಾಗ ಪರಿಮಳ ಬಂದರೆ ಅದೇ. ಬರೀ ನಾರುಬೇರಿನ ಗಟ್ಟಿ ಬುಡವಿದ್ದರೆ ಭಯಪಡಬೇಡಿ. ಈ ಕುಟುಂಬದಲ್ಲಿ 5,000ಕ್ಕೂ ಹೆಚ್ಚು ಜಾತಿಗಳಿವೆ. ಹಳೆಯ ಈಜಿಪ್ಟಿನವರು ಬರೆಯಲು ಬಳಸಿದ ಪಪೈರಸ್ ಕೂಡ ಇದರದೇ ಬಳಗ. ಒಂದೆರಡು ಕಳೆಗಳ ಕೋಪವನ್ನು ಎಲ್ಲದರ ಮೇಲೂ ತೀರಿಸುವುದು ಸರಿಯಲ್ಲ, ಅಲ್ವಾ?

ನಾನು ಹಾಗೆ ಒಮ್ಮೆ ಮಾಡಿದ್ದೇನೆ. ದಡ ಚೊಕ್ಕಟವಾಗಲಿ ಎಂದು ಎರಡು ದಿನ ಕೂತು ಎಲ್ಲ ಬುಡಗಳನ್ನೂ ಕಿತ್ತೆ. ಮುಂದಿನ ದೊಡ್ಡ ಮಳೆಗೆ ದಡ ಜರಿದು ನೀರಿಗೆ ಬಿತ್ತು, ಹೊಂಡ ವಾರಗಟ್ಟಲೆ ಕೆಂಪಗೇ ಇತ್ತು. ದಂಟು ಹತ್ತಿ ಪೊರೆ ಕಳಚುತ್ತಿದ್ದ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಆ ವರ್ಷ ಕಾಣಲಿಲ್ಲ. ಆ ಬೇಸರ ಇನ್ನೂ ಇದೆ.

ಜೌಗಿನಲ್ಲಿ ಬೇರೆ ಗಿಡಗಳ ಬೇರು ಕೊಳೆಯುವುದು ಗಾಳಿ ಸಿಗದೆ. ಜೌಗಿನ ಜೇಕುಗಳ ಒಳಗೆ ಸಣ್ಣ ಗಾಳಿದಾರಿಗಳಿವೆ. ಎಲೆಯಿಂದ ಗಾಳಿ ಬೇರಿನವರೆಗೆ ಇಳಿಯುತ್ತದೆ. ಮೇಲಿನದೆಲ್ಲ ಒಣಗಿದರೂ ಬುಡ ಜೀವಂತ. ಅದಕ್ಕೇ ಮರುವರ್ಷ ಚಿಗುರುವುದು.

ದಾರಿಗೆ ಅಡ್ಡ ಬಂದಷ್ಟನ್ನು ಮಾತ್ರ ತೆಗೆಯಿರಿ. ತೆಗೆದದ್ದನ್ನೂ ಎಸೆಯಬೇಡಿ. ಹೊಸ ಚಿಗುರು ಹೊರಡುವ ಹೊತ್ತಿಗೆ ಬುಡವನ್ನು ಬೇರು ಸಮೇತ ಎರಡು ಮೂರು ಪಾಲಾಗಿ ಸೀಳಿ, ದಡ ಎಲ್ಲಿ ಸವೆದಿದೆಯೋ ಅಲ್ಲಿ ನೆಡಿ. ಬೇರೂರುವ ತನಕ ಮಣ್ಣು ಒಣಗಲು ಬಿಡಬೇಡಿ. ಒಣ ಎಲೆ ಕತ್ತರಿಸಲೇಬೇಕೆಂದರೆ ತೆನೆಯ ಕಾಳು ಉದುರಿದ ಮೇಲೆ ಕತ್ತರಿಸಿ. ಹಕ್ಕಿಗಳು ಅದನ್ನು ಆರಿಸಿ ತಿನ್ನುತ್ತವೆ.