‘ಅಮೆರಿಕ ಹೆದರಿತು’ ಅಂದರೆ ಯಾರು ಹೆದರಿದರು?

ನಮಸ್ಕಾರ. ವಿಯೆಟ್ನಾಂ ಯುದ್ಧದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಸಾಕಷ್ಟು ಓದಿಕೊಂಡೂ ಇದ್ದೀರಿ. ಆದರೂ ಎರಡನೇ ಪುಟಕ್ಕೆ ಬರುವ ಹೊತ್ತಿಗೆ ನನಗೆ ಸಿಟ್ಟು ಬಂತು.

ನಿಮ್ಮ ಸಾಲು ಹೀಗಿದೆ: ‘ಕಮ್ಯುನಿಸಂಗೆ ಹೆದರಿದ ಅಮೆರಿಕ ದೂರದ ಯುದ್ಧಕ್ಕೆ ಇಳಿಯಿತು.’ ಯಾರು ಹೆದರಿದ್ದು ಸ್ವಾಮಿ? ಅಯೋವಾದ ರೈತನೇ? ಪೆಂಟಗನ್ನಿನ ಅಧಿಕಾರಿಯೇ? ಅಧ್ಯಕ್ಷರು ಅನ್ನುವುದಾದರೆ ಯಾವ ಅಧ್ಯಕ್ಷರು? ಟ್ರೂಮನ್‌ರಿಂದ ನಿಕ್ಸನ್‌ವರೆಗೆ ಐದು ಜನ ಆಗಿಹೋದರು. ಐವರ ಭಯವೂ ಒಂದೇ ಥರದ್ದಲ್ಲ.

ಜಾನ್ಸನ್ ಒಬ್ಬರನ್ನೇ ತಗೊಳ್ಳಿ. 1964ರ ಮೇ 27ರಂದು ಅವರು ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಜೊತೆ ಫೋನಿನಲ್ಲಿ ಆಡಿದ ಮಾತು ರೆಕಾರ್ಡ್ ಆಗಿದೆ. ವಿಯೆಟ್ನಾಂಗಾಗಿ ಹೊಡೆದಾಡುವುದರಲ್ಲಿ ಅರ್ಥವಿಲ್ಲ, ಆದರೆ ಹೊರಗೆ ಬರಲೂ ಆಗದು ಅನ್ನುತ್ತಾರೆ. ಅದೇ ದಿನ ಸೆನೆಟರ್ ರಿಚರ್ಡ್ ರಸೆಲ್ ಹತ್ತಿರ, ಬಿಟ್ಟು ಓಡಿಬಂದ ಅಧ್ಯಕ್ಷನನ್ನು ಮಹಾಭಿಯೋಗಕ್ಕೆ ಗುರಿಮಾಡುತ್ತಾರಲ್ವಾ ಅಂತ ಕೇಳುತ್ತಾರೆ. ಉತ್ತರ ವಿಯೆಟ್ನಾಂನ ಕಮ್ಯುನಿಸ್ಟ್ ನಾಯಕ ಹೋ ಚಿ ಮಿನ್ ಭಯ ಇದ್ದಿರಬಹುದು. ಆದರೆ ಇಲ್ಲಿ ಕೇಳಿಸುವುದು ಸ್ವಂತ ಊರಿನವರ ಭಯ. 1949ರಲ್ಲಿ ಚೀನಾ ಮಾವೋ ಕೈಸೇರಿದಾಗ, ‘ಚೀನಾ ಕಳೆದವರು ನೀವು’ ಅಂತ ವಿರೋಧಿಗಳು ಟ್ರೂಮನ್ ಸರ್ಕಾರದ ಮೇಲೆ ಬಿದ್ದರು. ಮರುವರ್ಷ, ಸರ್ಕಾರದೊಳಗೆ ಕಮ್ಯುನಿಸ್ಟರು ಅಡಗಿದ್ದಾರೆ ಅಂತ ಸೆನೆಟರ್ ಜೋಸೆಫ್ ಮೆಕಾರ್ಥಿಯ ಬೇಟೆ ಶುರುವಾಯಿತು. ಜಾನ್ಸನ್ ಆಗ ಸೆನೆಟರ್, ಎಲ್ಲವನ್ನೂ ಕಣ್ಣಾರೆ ಕಂಡವರು. ನಿಮ್ಮಲ್ಲಿ ಚೀನಾಕ್ಕೆ ಅರ್ಧ ಸಾಲು. ಮೆಕಾರ್ಥಿ ಹೆಸರೇ ಇಲ್ಲ!

ಮುಂದಿನ ಸಾಲು ಇನ್ನೂ ಕೆಟ್ಟದು: ‘ಟೊಂಕಿನ್ ಕೊಲ್ಲಿಯ ಘಟನೆಯ ನಂತರ ಯುದ್ಧ ಅನಿವಾರ್ಯವಾಯಿತು.’ ಉತ್ತರ ವಿಯೆಟ್ನಾಂ ಅಮೆರಿಕದ ಹಡಗುಗಳ ಮೇಲೆ 1964ರ ಆಗಸ್ಟ್ 4ರಂದು ನಡೆಸಿತು ಅಂದ ಎರಡನೇ ದಾಳಿ ನಡೆದೇ ಇರಲಿಲ್ಲ. ಆದರೂ ಅಲ್ಲಿ ಸೇನೆ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ನಿರ್ಣಯ ಮೂರು ದಿನದಲ್ಲಿ ಪಾಸಾಯಿತು. ಕೆಳಮನೆಯಲ್ಲಿ 416ಕ್ಕೆ ಸೊನ್ನೆ, ಸೆನೆಟ್ಟಿನಲ್ಲಿ 88ಕ್ಕೆ 2. ಬೇಡ ಅಂದವರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಅನಿವಾರ್ಯ ಅಂದುಬಿಟ್ಟರೆ ಇವರಿಬ್ಬರನ್ನು ಎಲ್ಲಿಡುತ್ತೀರಿ? ಅಮೆರಿಕದ ಮೆರೀನ್ ಪಡೆ ದಕ್ಷಿಣ ವಿಯೆಟ್ನಾಂನ ಡಾ ನಾಂಗ್‌ನಲ್ಲಿ ಇಳಿದದ್ದು 1965ರ ಮಾರ್ಚಿನಲ್ಲಿ. ನಡುವೆ ಒಂದು ಚುನಾವಣೆಯೇ ಮುಗಿದಿತ್ತು. ಯೋಚನೆ ಮಾಡಲು ಅಷ್ಟು ತಿಂಗಳಿತ್ತು.

ನಾನು ಕೆಲಸ ಕಲಿತದ್ದು ಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿ. ಟೆಲಿಪ್ರಿಂಟರಿನಿಂದ ಹರಿದು ತಂದ ಸುದ್ದಿಯನ್ನು ಕನ್ನಡಕ್ಕೆ ಇಳಿಸಬೇಕು. ಮುಖ್ಯ ಉಪಸಂಪಾದಕರು ಎಲೆಯಡಿಕೆ ಜಗಿಯುತ್ತಾ ಕೂತಿರುತ್ತಿದ್ದರು. ಯಾರಾದರೂ ‘ವಾಷಿಂಗ್ಟನ್ ಎಚ್ಚರಿಸಿದೆ’ ಅಂತ ಬರೆದರೆ ಸಾಕು, ‘ಊರಿಗೆ ಊರೇ ಎದ್ದು ಕೂಗಿತೇನಯ್ಯಾ?’ ಅನ್ನುತ್ತಿದ್ದರು. ಮಾತಾಡಿದವರ ಹೆಸರು, ಹುದ್ದೆ ಸೇರಿಸಿದ ಮೇಲೇ ಕಾಪಿ ಕಂಪೋಸಿಂಗಿಗೆ ಹೋಗುತ್ತಿತ್ತು. ಎರಡು ಗಂಟೆ ರಾತ್ರಿಯಲ್ಲಿ ಎಲ್ಲರಿಗೂ ಟೀ ತರಿಸುತ್ತಿದ್ದವರೂ ಅವರೇ ಅನ್ನಿ.

ಇನ್ನೊಂದು ತಕರಾರು. ಒಂದು ದೇಶ ಕಮ್ಯುನಿಸ್ಟರ ಪಾಲಾದರೆ ಸಾಲಾಗಿಟ್ಟ ಡಾಮಿನೊ ಬಿಲ್ಲೆಗಳ ಹಾಗೆ ಪಕ್ಕದವೂ ಬೀಳುತ್ತವೆ ಅಂತ 1954ರಲ್ಲಿ ಐಸೆನ್‌ಹೋವರ್ ಹೇಳಿದ ಮಾತಿಗೆ ನೀವು ನಕ್ಕಿದ್ದೀರಿ: ‘ಒಂದು ಬಿಲ್ಲೆಯೂ ಬೀಳಲಿಲ್ಲ.’ ಬಿದ್ದವಲ್ಲ! 1975ರಲ್ಲಿ ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಜೊತೆಗೆ ಕಾಂಬೋಡಿಯಾ, ಲಾವೋಸ್ ಎರಡೂ ಕಮ್ಯುನಿಸ್ಟರ ಕೈಸೇರಿದವು. ಥಾಯ್ಲೆಂಡ್, ಮಲೇಷ್ಯಾ ನಿಂತವು. ಆಮೇಲೆ ಏನಾಯಿತು ನೋಡಿ. 1978ರ ಕೊನೆಗೆ ವಿಯೆಟ್ನಾಂ ಕಾಂಬೋಡಿಯಾದೊಳಗೆ ನುಗ್ಗಿತು. 1979ರ ಫೆಬ್ರವರಿಯಲ್ಲಿ ಚೀನಾ ವಿಯೆಟ್ನಾಂ ಮೇಲೆ ದಂಡೆತ್ತಿತು. ಕಮ್ಯುನಿಸ್ಟರೆಲ್ಲ ಒಂದೇ ಅಂತ ನಂಬಿದವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ? ನಿಮ್ಮ ವಾದಕ್ಕೆ ಜಾಸ್ತಿ ಬಲ ಕೊಡುವ ಸಂಗತಿಯನ್ನೇ ಸುಮ್ನೆ ಒಂದು ನಗೆಗಾಗಿ ಬಿಟ್ಟಿರಿ.

ಕೊನೆಯ ಪ್ಯಾರಾದ ಶಾಂತಿ ಉಪದೇಶ ತೆಗೆಯಿರಿ. ಆ ಜಾಗದಲ್ಲಿ, ಉತ್ತರ–ದಕ್ಷಿಣ ವಿಯೆಟ್ನಾಂ ಒಂದಾಗಲಿ ಅಂತ 1954ರ ಜಿನೀವಾ ಒಪ್ಪಂದ ಹೇಳಿದ 1956ರ ಚುನಾವಣೆ ಯಾಕೆ ನಡೆಯಲಿಲ್ಲ, ಯಾರು ಬೇಡ ಅಂದರು ಅನ್ನುವುದನ್ನು ಬರೆಯಿರಿ. ಒಪ್ಪಂದದ ಉಸ್ತುವಾರಿ ಆಯೋಗಕ್ಕೆ ಅಧ್ಯಕ್ಷತೆ ಭಾರತದ್ದೇ ಇತ್ತು. ಅದನ್ನು ನೀವು ಮುಟ್ಟಿಯೇ ಇಲ್ಲ. ಈ ತಿಂಗಳು 20ರೊಳಗೆ ತಿದ್ದಿ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ.