ಸ್ಟ್ರಾಟ್ ಗಿಟಾರಿಗೆ ಫ್ಲ್ಯಾಟ್‌ವೌಂಡ್ ತಂತಿ ಹಾಕುವುದಾದರೆ ಯಾವ ಸೆಟ್ ಕೊಳ್ಳಬೇಕು?

ನಿಮ್ಮ ಸ್ಟ್ರಾಟ್‌ನಲ್ಲಿ (ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರು) ಈಗ 10-46ರ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ) ಮಾಮೂಲಿ ರೌಂಡ್‌ವೌಂಡ್, ಅಂದರೆ ದುಂಡು ತಂತಿ ಸುತ್ತಿದ ತಂತಿಗಳಿವೆ, ಜಾಝ್ ಕಲಿಯುತ್ತಿರುವುದರಿಂದ ಫ್ಲ್ಯಾಟ್‌ವೌಂಡ್, ಅಂದರೆ ಚಪ್ಪಟೆ ಪಟ್ಟಿ ಸುತ್ತಿದ್ದು ಹಾಕಬೇಕು, ಯಾವ ಕಂಪನಿಯದು ಒಳ್ಳೆಯದು, ಗಿಟಾರಿನಲ್ಲಿ ಏನಾದರೂ ಬದಲಿಸಬೇಕೇ ಎಂದು ಕೇಳಿದ್ದೀರಿ.

ಕಂಪನಿ ಆಮೇಲೆ ನೋಡೋಣ. ಮೊದಲು ತೀರ್ಮಾನ ಆಗಬೇಕಾದದ್ದು ಮೂರನೇ ತಂತಿ, ಅಂದರೆ ಜಿ. ಈಗ ನಿಮ್ಮ ಗಿಟಾರಿನಲ್ಲಿರುವ ಜಿ ಮೇಲೆ ಸುತ್ತು ಇಲ್ಲ. ಅದು ಬರೀ ಉಕ್ಕಿನ ತಂತಿ, ಸಾಮಾನ್ಯವಾಗಿ ಇಂಚಿನ ಸಾವಿರ ಭಾಗದಲ್ಲಿ 17 ದಪ್ಪ. ಫ್ಲ್ಯಾಟ್‌ವೌಂಡ್ ಸೆಟ್‌ಗಳಲ್ಲಿ ಹೆಚ್ಚಿನವು ಜಿ ತಂತಿಯನ್ನೂ ಚಪ್ಪಟೆ ಪಟ್ಟಿಯಿಂದ ಸುತ್ತಿ ಕೊಡುತ್ತವೆ. ಡಿ'ಅಡಾರಿಯೊ ಕಂಪನಿಯ ಕ್ರೋಮ್ಸ್ 10-48 ಸೆಟ್‌ನಲ್ಲಿ ಜಿ 20, 11-50ರಲ್ಲಿ 22, 12-52ರಲ್ಲಿ 24.

ಈ ಒಂದು ತಂತಿಯಿಂದಲೇ ಉಳಿದದ್ದೆಲ್ಲ ಬದಲಾಗುತ್ತದೆ. ಸುತ್ತಿದ ಜಿ ಹೊರಗಿನಿಂದ ದಪ್ಪ, ಆದರೆ ಬಿಗುವನ್ನು ಹೊರುವ ಒಳಗಿನ ಎಳೆ ತೆಳು. ಎಳೆ ತೆಳುವಾದಷ್ಟೂ ತಂತಿಯನ್ನು ಪಕ್ಕಕ್ಕೆ ಎಳೆದಾಗ ಸ್ವರ ಏರುವುದು ಕಡಿಮೆ. ಅದಕ್ಕೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಒತ್ತಿದಾಗ ಜಿ ಮೇಲಿನ ಸ್ವರ ಶ್ರುತಿಗಿಂತ ಏರುವುದಿಲ್ಲ, ನಾಲ್ಕು ಸ್ವರದ ಜಾಝ್ ಕಾರ್ಡ್‌ಗಳು ಶುದ್ಧವಾಗಿ ಕೇಳುತ್ತವೆ. ಅದೇ ಕಾರಣಕ್ಕೆ ಬ್ಲೂಸ್‌ನಲ್ಲಿ ಮಾಡುವ ಬೆಂಡ್, ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದು ಪೂರ್ತಿ ಒಂದು ಸ್ವರ ಏರಿಸುವುದು, ಈ ತಂತಿಯಲ್ಲಿ ತುಂಬಾ ಕಷ್ಟ. ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವವರೂ ಇದನ್ನು ಗಮನಿಸಬೇಕು: ವೀಣೆಯ ಹಾಗೆ ತಂತಿ ಎಳೆದು ಗಮಕ ತೆಗೆಯುವವರಿಗೆ ಸುತ್ತಿದ ಜಿ ಒಗ್ಗದು, ಜಾರು ಹೆಚ್ಚಾಗಿ ಬಳಸುವವರಿಗೆ ಮಾತ್ರ ಫ್ಲ್ಯಾಟ್‌ವೌಂಡ್ ಬಹಳ ಹಿತ, ಏಕೆಂದರೆ ಬೆರಳು ಸರಿದಾಗ ಕಿರ್ರೆನ್ನುವ ಸದ್ದು ಹೆಚ್ಚುಕಡಿಮೆ ಇರುವುದೇ ಇಲ್ಲ.

ಬೆಂಡ್ ಬಿಡಲಾಗದು ಎಂದಾದರೆ ಬರಿ ಜಿ ಇರುವ ಸೆಟ್ ಹುಡುಕಿ. ಎರ್ನಿ ಬಾಲ್‌ನ ಫ್ಲ್ಯಾಟ್‌ವೌಂಡ್ ರೆಗ್ಯುಲರ್ ಸ್ಲಿಂಕಿ 10-46 ಅಂಥದ್ದು, ಅದರಲ್ಲಿ ಜಿ 17ರ ಬರಿ ತಂತಿ. ಗಿಟಾರಿನಲ್ಲಿ ದೊಡ್ಡ ಬದಲಾವಣೆಯೂ ಬೇಕಾಗುವುದಿಲ್ಲ.

ಜಾಝ್‌ಗೇ ಎಂದಾದರೆ ನನ್ನ ಸಲಹೆ 11ರ ಸೆಟ್. ಕ್ರೋಮ್ಸ್ 11-50 ಸ್ಟೇನ್‌ಲೆಸ್ ಸ್ಟೀಲ್. ಕೈಗೆ ಸ್ವಲ್ಪ ಗಡಸು, ಹೊಸದರಲ್ಲಿ ನಾದ ತುಸು ಹೊಳಪು, ಒಂದೆರಡು ವಾರ ನುಡಿಸಿದ ಮೇಲೆ ಹದಕ್ಕೆ ಬರುತ್ತದೆ. ವಿಯೆನ್ನಾದ ಥೊಮಾಸ್ಟಿಕ್-ಇನ್‌ಫೆಲ್ಡ್‌ನ ಜಾಝ್ ಸ್ವಿಂಗ್ 11-47 ನಿಕಲ್. ಬೆರಳಿಗೆ ಮೃದು, ನಾದ ಮೊದಲ ದಿನದಿಂದಲೇ ಬೆಚ್ಚಗೆ, ಬೆಲೆ ಹೆಚ್ಚು. ಮೊದಲ ಸಲಕ್ಕೆ ಕ್ರೋಮ್ಸ್ ಸಾಕು. 12 ಅಥವಾ 13ರ ಸೆಟ್‌ಗಳನ್ನು ಆರ್ಚ್‌ಟಾಪ್ (ಮೇಲ್ಮೈ ಉಬ್ಬಿದ) ಗಿಟಾರುಗಳಿಗೆ ಬಿಡಿ.

ಈಗ ಗಿಟಾರಿನ ಕಡೆ ಬನ್ನಿ. ಹೆಚ್ಚಿನವರು ಎಡವುವುದು ನಟ್‌ನಲ್ಲಿ, ಅಂದರೆ ನೆಕ್‌ನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿಯಲ್ಲಿ. 17ಕ್ಕೆಂದು ಕೊರೆದ ತೋಡಿನಲ್ಲಿ 22 ಕೂರುವುದಿಲ್ಲ, ಮೇಲೆಯೇ ಸಿಕ್ಕಿಕೊಳ್ಳುತ್ತದೆ. ಟ್ಯೂನಿಂಗ್ ಕೀ ತಿರುಗಿಸಿದರೆ ಮೊದಲು ಏನೂ ಆಗದೆ, ಆಮೇಲೆ ಟಿಂಗ್ ಎಂದು ಶ್ರುತಿ ಒಮ್ಮೆಲೇ ಜಿಗಿಯುತ್ತದೆ. ಮೊದಲ ಫ್ರೆಟ್‌ನ (ಮೆಟ್ಟಿನ) ಸ್ವರಗಳು ಶ್ರುತಿಗಿಂತ ಏರಿ ಕೇಳುತ್ತವೆ. 24ರಿಂದ 26ರೊಳಗಿನ ನಟ್ ಫೈಲ್‌ನಿಂದ (ಅರ) ತೋಡನ್ನು ಅಗಲ ಮಾಡಿಸಬೇಕು. ಆಳ ನೋಡುವುದು ಹೀಗೆ: ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ ಹಿಡಿದಾಗ ಮೊದಲ ಫ್ರೆಟ್ ಮೇಲೆ ಕಾಗದದಷ್ಟು ಸಂದು ಉಳಿಯಬೇಕು, ಸಂದೇ ಇಲ್ಲದಿದ್ದರೆ ಬಿಟ್ಟ ತಂತಿ ಝೇಂಕರಿಸುತ್ತದೆ. ಉಜ್ಜಿದ ಮೇಲೆ ಹಿಂದಕ್ಕೆ ತರಲಾಗದು. ಹಳೆಯ ತಂತಿಗೆ ಮರಳುವ ಮನಸ್ಸಿದ್ದರೆ ಹೊಸ ನಟ್ ಹಾಕಿಸಿ, ಈಗಿನದನ್ನು ಎತ್ತಿಡಿ.

ಬಿಗುವು ಕೂಡ ಏರುತ್ತದೆ. 25.5 ಇಂಚಿನ ಸ್ಕೇಲ್‌ನಲ್ಲಿ (ನಟ್‌ನಿಂದ ಬ್ರಿಜ್‌ವರೆಗಿನ ತಂತಿಯ ಉದ್ದ) 10ರ ಮೊದಲ ತಂತಿ ಸುಮಾರು 7.3 ಕೆಜಿ ಎಳೆದರೆ 11ರದ್ದು 8.9 ಕೆಜಿ ಎಳೆಯುತ್ತದೆ. ಹಾಗಾಗಿ ಸ್ಟ್ರಾಟ್‌ನ ಟ್ರೆಮೊಲೊ ಬ್ರಿಜ್ (ಸ್ಪ್ರಿಂಗ್‌ಗಳು ಹಿಡಿದಿಟ್ಟಿರುವ, ಅಲುಗುವ ಬ್ರಿಜ್) ಮುಂದಕ್ಕೆ ಎದ್ದುಕೊಳ್ಳುತ್ತದೆ. ಹಿಂದಿನ ಮುಚ್ಚಳ ತೆಗೆದು, ಸ್ಪ್ರಿಂಗ್ ಹಿಡಿದ ಕೊಕ್ಕೆಯ ಎರಡೂ ಸ್ಕ್ರೂಗಳನ್ನು ಸಮಸಮನಾಗಿ ಬಿಗಿ ಮಾಡಿ. ಸಾಲದಿದ್ದರೆ ಇನ್ನೊಂದು ಸ್ಪ್ರಿಂಗ್ ಸೇರಿಸಿ. ಆಮೇಲೆ ನೆಕ್ ನೋಡಿ: ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಒತ್ತಿದಾಗ ಏಳು-ಎಂಟನೇ ಫ್ರೆಟ್ ಹತ್ತಿರ 0.25 ಮಿ.ಮೀ.ನಷ್ಟು ಸಂದಿದ್ದರೆ ಸರಿ. ಹೆಚ್ಚಿದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಸರಳು) ಅನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ.

ಜಿ ತಂತಿಯ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ಚಿಕ್ಕ ತುಂಡು) ಸರಿಸುವುದು ಕೊನೆಗೆ. ಸುತ್ತಿದ ಜಿಗೆ ಅದು ಸಾಮಾನ್ಯವಾಗಿ ನೆಕ್ ಕಡೆಗೆ ಬರಬೇಕು. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ತೆಗೆಯುವ ಸ್ವರ) ಇಳಿದಿದ್ದರೆ ಮುಂದಕ್ಕೆ, ಏರಿದ್ದರೆ ಹಿಂದಕ್ಕೆ.

ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ, ಅಯಸ್ಕಾಂತವಿರುವ ಭಾಗ) ವಿಷಯದಲ್ಲಿ ನಿಮಗೆ ಲಾಭವೇ ಆಗಬಹುದು. 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಬಂದಾಗ ಜಿ ಸುತ್ತಿದ ತಂತಿಯೇ ಆಗಿತ್ತು, ಅದರ ಸದ್ದು ಕಡಿಮೆಯೆಂದು ಆ ಜಾಗದ ಅಯಸ್ಕಾಂತವನ್ನು ಎತ್ತರಿಸಿದ್ದರು. ನಿಮ್ಮದೂ ಆ ಹಳೇ ಮಾದರಿಯ, ಅಯಸ್ಕಾಂತಗಳು ಏರುತಗ್ಗಾಗಿರುವ ಪಿಕಪ್ ಆದರೆ, ಬರಿ ಜಿ ಇದ್ದಾಗ ಆ ಒಂದು ತಂತಿ ಉಳಿದವುಗಳನ್ನು ಮೀರಿ ಕೇಳುತ್ತಿತ್ತಲ್ಲ, ಅದು ಈಗ ಸಮವಾಗುತ್ತದೆ.

ತಂತಿ ಹಾಕುವಾಗ ಒಂದು ಎಚ್ಚರ. ಉದ್ದವಿದೆ ಎಂದು ನೇರವಾಗಿ ಕತ್ತರಿಸಿದರೆ ಚಪ್ಪಟೆ ಪಟ್ಟಿ ಒಳಗಿನ ಎಳೆಯಿಂದ ಸಡಿಲವಾಗಿ ತಂತಿಯ ನಾದ ಸತ್ತುಹೋಗುತ್ತದೆ. ಟ್ಯೂನಿಂಗ್ ಕಂಬದಿಂದ 5 ಸೆಂ.ಮೀ. ಆಚೆ ಇಕ್ಕಳದಲ್ಲಿ ತಂತಿಯನ್ನು ಲಂಬವಾಗಿ ಬಗ್ಗಿಸಿ, ಆ ಬಾಗಿನ ಆಚೆ ಬದಿಯಲ್ಲಿ ಕತ್ತರಿಸಿ. ಒಳಗಿನ ಎಳೆ ದುಂಡಗಿರುವ ಪಿರಮಿಡ್ ಗೋಲ್ಡ್‌ನಂಥ ತಂತಿಗಳಿಗೆ ಇದು ಕಡ್ಡಾಯ.

ಸುತ್ತಿದ ನಾಲ್ಕು ತಂತಿಗಳು ತಿಂಗಳುಗಟ್ಟಲೆ ಬಾಳುತ್ತವೆ, ಹಳತಾದಷ್ಟೂ ಚೆನ್ನ. ಮೊದಲ ಎರಡು ಬರಿ ತಂತಿಗಳು ಮಾತ್ರ ಬೇಗ ತುಕ್ಕು ಹಿಡಿಯುತ್ತವೆ, ಮಂಗಳೂರು-ಉಡುಪಿಯ ತೇವದಲ್ಲಿ ಇನ್ನೂ ಬೇಗ. ಸೆಟ್ ಕೊಳ್ಳುವಾಗಲೇ 11 ಮತ್ತು 15ರ ಬಿಡಿ ತಂತಿಗಳನ್ನು ಎರಡೆರಡು ತಂದಿಟ್ಟುಕೊಂಡು ಅವನ್ನಷ್ಟೇ ಬದಲಿಸುತ್ತಾ ಹೋಗಿ.