ರೋಟರಿ ವಿಮಾನ ಎಂಜಿನ್ನಿಗೆ ವಿದ್ಯುತ್ ನೀರಿನ ಪಂಪು ಸಾಕಾಗುವುದೇ?

ನಮಸ್ಕಾರ. ತಾವು ಕಟ್ಟುತ್ತಿರುವ ವಿಮಾನದ 180 ಅಶ್ವಶಕ್ತಿಯ ಮಜ್ದಾ 13ಬಿ ರೋಟರಿ ಎಂಜಿನ್ನಿನಿಂದ (ಪಿಸ್ಟನ್ನಿನ ಬದಲು ತಿರುಗುವ ರೋಟರ್ ಇರುವ ಕಾರಿನ ಎಂಜಿನ್) ಎಂಜಿನ್ನೇ ಬೆಲ್ಟಿನಿಂದ ತಿರುಗಿಸುವ ನೀರಿನ ಪಂಪನ್ನು ತೆಗೆದು, ನಿಮಿಷಕ್ಕೆ 115 ಲೀಟರ್ ಎಂದು ನಮೂದಿಸಿರುವ ಒಂದೇ ವಿದ್ಯುತ್ ಪಂಪನ್ನು ಕೂರಿಸಬಹುದೇ ಎಂದು ಕೇಳಿದ್ದೀರಿ. ಆ ಅಂಕಿಯೊಂದನ್ನೇ ನಂಬಿ ಕೂರಿಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇಂತಹ ಅಂಕಿಗಳು ಸಾಮಾನ್ಯವಾಗಿ ಎದುರಿನಲ್ಲಿ ತಡೆಯೇ ಇಲ್ಲದಿರುವಾಗಿನ ಹರಿವನ್ನು ಹೇಳುತ್ತವೆ. ಎಂಜಿನ್ನಿನ ಒಳದಾರಿ, ರೇಡಿಯೇಟರ್, ಹೋಸುಗಳ ತಿರುವು ಎಲ್ಲವೂ ಸೇರಿದಾಗ ಹರಿವು ಗಣನೀಯವಾಗಿ ಇಳಿಯುತ್ತದೆ. 13 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುವ ಪಂಪಿಗೆ ಸಿಗುವುದು 130 ವ್ಯಾಟ್. ಅದರಲ್ಲಿ 50 ವ್ಯಾಟ್ ನೀರಿಗೆ ಸೇರುತ್ತದೆ ಎಂದುಕೊಂಡರೆ, ಅರ್ಧ ಬಾರ್ ತಡೆಯ ಎದುರು ಅದು ತಳ್ಳಬಲ್ಲದ್ದು ನಿಮಿಷಕ್ಕೆ 60 ಲೀಟರ್ ಮಾತ್ರ. ಕೂಲಂಟಿಗೆ, ಅಂದರೆ ಎಂಜಿನ್ನನ್ನು ತಣಿಸುವ ದ್ರವಕ್ಕೆ, ಸೇರುವ ಶಾಖವನ್ನು 80 ಕಿಲೋವ್ಯಾಟ್ ಎಂದು ಹಿಡಿಯೋಣ. ನೀರು ಮತ್ತು ಗ್ಲೈಕಾಲ್ ಸಮಪಾಲಿನ ಮಿಶ್ರಣ 115 ಲೀಟರ್ ಹರಿದರೆ ಎಂಜಿನ್ನಿನ ಒಳಗೆ ಅದರ ಉಷ್ಣತೆ 11–12 ಡಿಗ್ರಿ ಸೆಲ್ಸಿಯಸ್ ಏರುತ್ತದೆ, 60 ಲೀಟರ್ ಹರಿದರೆ ಸುಮಾರು 22 ಡಿಗ್ರಿ ಏರುತ್ತದೆ.

ಈ ವ್ಯತ್ಯಾಸ ರೋಟರಿಗೆ ವಿಶೇಷವಾಗಿ ಮುಖ್ಯ. ಇದರಲ್ಲಿ ದಹನವು ಸದಾ ಹೌಸಿಂಗಿನ (ರೋಟರನ್ನು ಸುತ್ತುವರಿದ ಲೋಹದ ಹೊರಕವಚದ) ಒಂದೇ ಬದಿಯಲ್ಲಿ, ಸ್ಪಾರ್ಕ್ ಪ್ಲಗ್‌ಗಳ ಸುತ್ತ ನಡೆಯುವುದರಿಂದ ಆ ಭಾಗಕ್ಕೆ ಬಿಡುವೇ ಇರುವುದಿಲ್ಲ. ಅಲ್ಲಿ ನೀರಿನ ವೇಗ ಸಾಲದಿದ್ದರೆ ಲೋಹದ ಮೇಲೆ ಆವಿಯ ಪದರ ಕಟ್ಟಿ, ಮೀಟರಿನಲ್ಲಿ ಉಷ್ಣತೆ ಸರಿಯಾಗಿಯೇ ಕಾಣುತ್ತಿರುವಾಗಲೂ ಹೌಸಿಂಗ್ ಸೊಟ್ಟಗಾಗಬಹುದು, ನೀರಿನ ಸೀಲುಗಳು ಸುಟ್ಟುಹೋಗಬಹುದು. ನೀರು ನಿಧಾನವಾಗಿ ಹೋದರೆ ರೇಡಿಯೇಟರಿನಲ್ಲಿ ಚೆನ್ನಾಗಿ ತಣಿಯುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಅದೇ ನೀರು ಎಂಜಿನ್ನಿನಲ್ಲಿಯೂ ನಿಧಾನವಾಗಿಯೇ ಹೋಗುತ್ತದೆ. ಕಾರಿನಲ್ಲಿ ಈ ಪಂಪು ಸಾಕಾಯಿತೆಂಬ ಅನುಭವವೂ ಇಲ್ಲಿ ಪ್ರಮಾಣವಾಗದು, ಏಕೆಂದರೆ ಕಾರು ಪೂರ್ಣ ಶಕ್ತಿಯನ್ನು ಕೆಲವೇ ಸೆಕೆಂಡು ಬಳಸುತ್ತದೆ, ವಿಮಾನ 75 ಶೇಕಡಾ ಶಕ್ತಿಯಲ್ಲಿ ಗಂಟೆಗಟ್ಟಲೆ ಹಾರುತ್ತದೆ.

ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚು ಒತ್ತಡ ಹಿಡಿದಿಡುವ ರೇಡಿಯೇಟರ್ ಮುಚ್ಚಳವಿದ್ದರೆ ಸಮುದ್ರಮಟ್ಟದಲ್ಲಿ ಬರೀ ನೀರು ಸುಮಾರು 120 ಡಿಗ್ರಿಗೆ ಕುದಿಯುತ್ತದೆ, 10,000 ಅಡಿಯಲ್ಲಿ ಸುಮಾರು 115 ಡಿಗ್ರಿಗೇ ಕುದಿಯುತ್ತದೆ. ಪಂಪಿನ ಒಳಬಾಯಿಯಲ್ಲಿ ಒತ್ತಡ ಇನ್ನೂ ಕಡಿಮೆ. ಆದ್ದರಿಂದ ಪಂಪನ್ನು ರೇಡಿಯೇಟರ್ ದಾಟಿದ ತಣ್ಣನೆಯ ಬದಿಯಲ್ಲಿ, ಸಾಧ್ಯವಾದಷ್ಟು ಕೆಳಗೆ ಇರಿಸಿ, ಮೇಲಿನ ಟ್ಯಾಂಕಿನ ಹೋಸನ್ನು ಅದರ ಒಳಬಾಯಿಗೇ ಸೇರಿಸಿ. ಥರ್ಮೋಸ್ಟಾಟ್ (ಉಷ್ಣತೆಗೆ ತಕ್ಕಂತೆ ನೀರಿನ ದಾರಿ ಬದಲಿಸುವ ಕವಾಟ) ತೆಗೆಯುವುದಾದರೆ ಅದು ಮುಚ್ಚುತ್ತಿದ್ದ ಬೈಪಾಸ್ ರಂಧ್ರವನ್ನು ಮುಚ್ಚಲೇಬೇಕು; ಇಲ್ಲವಾದರೆ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ.

ಪಂಪು ಹಾರಾಟದಲ್ಲಿ ನಿಂತುಬಿಟ್ಟರೆ ಏನಾಗುತ್ತದೆ ಎಂಬುದನ್ನು ಈಗಲೇ ತೀರ್ಮಾನಿಸಬೇಕು. ಎರಡು ಪಂಪುಗಳನ್ನು ಸಮಾನಾಂತರವಾಗಿ ಹಾಕಿದರೆ, ನಿಂತ ಪಂಪಿನ ಮೂಲಕ ನೀರು ಹಿಂದಕ್ಕೆ ಹರಿಯದಂತೆ ಪ್ರತಿಯೊಂದಕ್ಕೂ ಏಕಮುಖ ಕವಾಟ ಬೇಕು. ಒಂದರ ಹಿಂದೊಂದು ಹಾಕಿದರೆ ಕವಾಟ ಬೇಡ, ನಿಂತ ಪಂಪು ಒಂದು ತಡೆಯಾಗಿ ಮಾತ್ರ ಉಳಿಯುತ್ತದೆ. ನನ್ನ ಒಲವು ಇದರ ಕಡೆಗೇ. ಎರಡಕ್ಕೂ ಪ್ರತ್ಯೇಕ ಫ್ಯೂಸ್, ಪ್ರತ್ಯೇಕ ವೈರು, ಪ್ರತ್ಯೇಕ ಸ್ವಿಚ್ ಇರಲಿ. ಆಲ್ಟರ್ನೇಟರ್ ಕೈಕೊಟ್ಟಾಗ ಇಗ್ನಿಷನ್ ಮತ್ತು ಇಂಧನ ಪಂಪುಗಳ ಜೊತೆಗೆ ಇವುಗಳ ಭಾರವೂ ಬ್ಯಾಟರಿಯ ಮೇಲೆಯೇ ಬೀಳುತ್ತದೆ.

ಎಚ್ಚರಿಕೆಗೆ ಉಷ್ಣತೆಯ ಮೀಟರ್ ಒಂದೇ ಸಾಲದು. ಹರಿವು ನಿಂತಾಗ ಸೆನ್ಸರಿನ ಬಳಿಯ ನೀರು ತಣ್ಣಗೇ ಇರಬಹುದು, ಅಥವಾ ಅಲ್ಲಿ ನೀರೇ ಇಲ್ಲದಿರಬಹುದು. ಕೂಲಂಟಿನ ಒತ್ತಡ ಮತ್ತು ಪಂಪು ಎಳೆಯುವ ಕರೆಂಟು ಎರಡನ್ನೂ ಪೈಲಟ್ಟಿನ ಕಣ್ಣೆದುರು ತೋರಿಸಿ. ಗಾಳಿ ತುಂಬಿದ ಪಂಪು ಎಳೆಯುವ ಕರೆಂಟು ಕೂಡಲೇ ಇಳಿಯುತ್ತದೆ.

ಬೆಲ್ಟ್ ಪಂಪನ್ನು ಬಿಚ್ಚುವ ಮೊದಲು ಅದನ್ನೇ ಅಳತೆಗೋಲಾಗಿ ಬಳಸಿ: ನೆಲದ ಮೇಲೆ ಎಂಜಿನ್ ಓಡಿಸಿ, ಒಂದೇ ಶಕ್ತಿಯಲ್ಲಿ ನೀರು ಒಳಹೋಗುವ ಮತ್ತು ಹೊರಬರುವ ಉಷ್ಣತೆಗಳನ್ನು ಬರೆದುಕೊಳ್ಳಿ. ಬಳಿಕ ವಿದ್ಯುತ್ ಪಂಪನ್ನು ಪೂರ್ತಿ ವ್ಯವಸ್ಥೆಗೆ ಜೋಡಿಸಿ, ಎಂಜಿನ್ ನಿಲ್ಲಿಸಿ, ಹಿಂದಿರುಗುವ ಹೋಸನ್ನು 20 ಲೀಟರ್ ಬಕೆಟ್ಟಿಗೆ ಬಿಡಿ; ಒಳಬಾಯಿಗೆ ಅದೇ ಮಟ್ಟದ ಟ್ಯಾಂಕಿನಿಂದ ನೀರು ಬರುತ್ತಿರಲಿ. ಬಕೆಟ್ 15 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 80 ಲೀಟರ್, 20 ಸೆಕೆಂಡು ಹಿಡಿದರೆ 60 ಲೀಟರ್. ಈ ಅಂಕಿಗಳನ್ನು ಇಲ್ಲಿ ಹಾಕಿದರೆ ರೇಡಿಯೇಟರಿನ ಅಳತೆಯ ಬಗ್ಗೆ ಮುಂದೆ ಮಾತನಾಡೋಣ.